ಮರ ನೋಡಲು ಬಂದವರು

ಒಣಗಿದ ಕೊಂಬೆ ತೆಗೆಯಲು ಮೊದಲು ಬಂದವನು ಗೇಟಿನ ಹೊರಗಿನಿಂದಲೇ ಅಂಗಳದ ಮರ ನೋಡಿ, "ತಲೆ ಹಾರಿಸಿಬಿಡೋಣ ಮೇಡಂ, ಮಧ್ಯಾಹ್ನದೊಳಗೆ ಮುಗಿಯುತ್ತೆ" ಎಂದ. ಹಗ್ಗವಿಲ್ಲ, ಹೆಲ್ಮೆಟ್ ಇಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ. ಇವನು ಮೊದಲು ತನ್ನ ತಲೆ ಉಳಿಸಿಕೊಳ್ಳಲಿ ಎಂದುಕೊಂಡು ಸಾಗಹಾಕಿದೆ.

ಎರಡನೆಯವರು ಬಂದವರೇ ಮಾತಿಲ್ಲದೆ ಮರಕ್ಕೆ ಮೂರು ಸುತ್ತು ಹಾಕಿದರು. ಬೈನಾಕ್ಯುಲರ್ ಹಿಡಿದು ಮೇಲಿನ ಕೊಂಬೆಗಳನ್ನು ನೋಡಿದರು. ಆಮೇಲೆ ಮಂಡಿಯೂರಿ ಬುಡದ ಮಣ್ಣನ್ನು ಬೆರಳಿನಿಂದ ಬಿಡಿಸತೊಡಗಿದರು. ಎರಡು ಭಾನುವಾರ ಬೆವರು ಸುರಿಸಿ ನಾನೇ ಏರಿಸಿದ್ದ ಮಣ್ಣು ಅದು.

"ಯಾರು ಇದನ್ನ ಹೀಗೆ ಹೂತಿದ್ದು?"

"ನಾನೇ. ಬುಡ ಗಟ್ಟಿಯಾಗಿರ್ಲಿ ಅಂತ."

"ಪ್ರೀತಿ ಸ್ವಲ್ಪ ಜಾಸ್ತಿ ಆಯ್ತು. ಮರದ ಪಾದ ಕಾಣ್ತಿರ್ಬೇಕು. ಮುಚ್ಚಿದ್ರೆ ತೊಗಟೆ ಕೊಳೆಯುತ್ತೆ."

ನನಗೆ ರೇಗಿತು. ರೇಗಿದ್ದು ಮುಖದಲ್ಲಿ ಕಂಡಿತೇನೋ, ಅವರು ತಲೆ ಎತ್ತಿ ಒಂದು ಕ್ಷಣ ನನ್ನನ್ನು ನೋಡಿ, ನಗು ಬಂದದ್ದನ್ನು ಮೀಸೆಯಲ್ಲೇ ಅಡಗಿಸಿಕೊಂಡರು.

"ನೀವು ನನ್ನನ್ನ ಏನೂ ಕೇಳ್ಲೇ ಇಲ್ಲ," ಎಂದರು ಕೈ ಒರೆಸಿಕೊಳ್ಳುತ್ತ. "ಲೈಸೆನ್ಸ್ ಇದೆಯಾ, ಬಿದ್ದು ಏನಾದ್ರೂ ಆದ್ರೆ ಇನ್ಶೂರೆನ್ಸ್ ಇದೆಯಾ, ಮುಂಚೆ ಯಾರ ಮನೇಲಿ ಕೆಲಸ ಮಾಡಿದೀರಿ. ಇದೆಲ್ಲ ಕೇಳ್ಬೇಕು."

"ಗಂಡು ನೋಡೋಕೆ ಬಂದವರ ಹಾಗಾ?"

"ಅದಕ್ಕಿಂತ ಜಾಸ್ತಿ. ಗಂಡು ಸರಿ ಹೋಗ್ಲಿಲ್ಲ ಅಂದ್ರೆ ವಾಪಸ್ ಬರ್ಬಹುದು. ಕಡಿದ ಕೊಂಬೆ ಬರಲ್ಲ."

ನಾನು ಹಾಗೆ ವಾಪಸ್ ಬಂದವಳೇ. ಆರು ವರ್ಷವಾಯಿತು. ಅದನ್ನು ಅವರಿಗೆ ಹೇಳಲಿಲ್ಲ, ಲೈಸೆನ್ಸ್ ತೋರಿಸಿ ಎಂದೆ.

ನನ್ನ ಕೆಲಸ ಹಲ್ಲು ಕಟ್ಟುವುದು. ಡಾಕ್ಟರು ಬಾಯಿಯ ಅಚ್ಚು ಕಳಿಸುತ್ತಾರೆ, ನಾನು ಲ್ಯಾಬಿನಲ್ಲಿ ಕೂತು ಹಲ್ಲಿನ ಸೆಟ್ ತಯಾರಿಸುತ್ತೇನೆ. ಅದು ಯಾರ ಬಾಯಿಗೆ ಹೋಗುತ್ತದೋ ನನಗೆ ತಿಳಿಯುವುದಿಲ್ಲ. ಹಗಲೆಲ್ಲ ಊರಿನ ನಗುವಿಗೆ ನಯ ಕೊಟ್ಟು ಮನೆಗೆ ಬಂದರೆ, ನಾನು ನಕ್ಕರೆ ನೋಡುವವರಿಲ್ಲ. ದೂರದಿಂದ ಫೋನ್ ಮಾಡುವ ಅಕ್ಕ, "ಆ ಮರ ಕಡಿಸಿ ಹಾಕು, ಕಸ ಗುಡಿಸೋದಾದ್ರೂ ತಪ್ಪುತ್ತೆ" ಎನ್ನುತ್ತಾಳೆ. ಎಲೆ ಉದುರದಿದ್ದರೆ ಭಾನುವಾರ ಬೆಳಗ್ಗೆ ನಾನೇನು ಮಾಡಲಿ ಎಂದು ಅವಳನ್ನು ಕೇಳಿಲ್ಲ.

ಅವರು ಹಗ್ಗ ಕಟ್ಟಿ ಹತ್ತಿ, ಒಣಗಿದ ಎರಡು ಕೊಂಬೆಗಳನ್ನು ಮಾತ್ರ ತೆಗೆದರು. ತೊಗಟೆ ಸೀಳಬಾರದೆಂದು ಮೊದಲು ಕೆಳಗಿನಿಂದ ಅರ್ಧ ಕೊಯ್ದು, ಆಮೇಲೆ ಮೇಲಿನಿಂದ ಕೊಯ್ದರು. ಕತ್ತು ನೋಯುವವರೆಗೂ ನಾನು ಮೇಲೆ ನೋಡುತ್ತ ನಿಂತಿದ್ದೆ. ನೋಡಿದ್ದು ಕೊಂಬೆಯನ್ನಲ್ಲ ಎಂದು ಈಗ ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ.

"ಗಾಯಕ್ಕೆ ಬಣ್ಣ ಗಿಣ್ಣ ಬಳಿಯಲ್ವಾ?" ಇಳಿದು ಬಂದ ಮೇಲೆ ಕೇಳಿದೆ.

"ಬೇಡ. ಅದರ ಪಾಡಿಗೆ ಬಿಟ್ರೆ ಅದೇ ಮುಚ್ಕೊಳ್ಳುತ್ತೆ." ಹಗ್ಗ ಸುತ್ತುತ್ತ, ನನಗೆ ಸಿಹಿಸುದ್ದಿ ಕೊಡುವವರ ಹಾಗೆ ಹೇಳಿದರು, "ಒಳ್ಳೇ ಮರ. ಇನ್ನು ಮೂರು ವರ್ಷ ನನ್ನನ್ನ ಕರೆಯೋ ಅಗತ್ಯ ಇಲ್ಲ."

ಮೂರು ವರ್ಷ. ಆ ಸಂಜೆ ಮನೆಯೊಳಗೆ ಫ್ರಿಜ್ಜಿನ ಸದ್ದು ಎಂದಿಗಿಂತ ಜೋರಾಗಿತ್ತು.

ತಿಂಗಳೊಳಗೆ ಫೋನ್ ಮಾಡಿದೆ. ಎಲೆಯ ಮೇಲೆ ಚುಕ್ಕೆ ಎಂದೆ. ಬಂದರು, ನೋಡಿದರು, ಹಕ್ಕಿ ಹಿಕ್ಕೆ ಎಂದರು. ಕಾಫಿ ಕುಡಿದರು. ಮುಂದಿನ ಸಲ ಕಾಂಡದ ಮೇಲೆ ಇರುವೆ ಸಾಲು ಎಂದೆ. "ಇರುವೆ ಅಂದ್ಮೇಲೆ ಮರ ಹತ್ತದೆ ನಿಮ್ಮ ಸೋಫಾ ಹತ್ತುತ್ತಾ?" ಎಂದು ಕೇಳಿ, ಅರ್ಧ ಗಂಟೆ ಆ ಸೋಫಾದ ಮೇಲೇ ಕೂತರು. ಹೆಂಡತಿ ತೀರಿಕೊಂಡು ಎಂಟು ವರ್ಷವಾಯಿತೆಂದು ಕಪ್ಪಿನೊಳಗೆ ನೋಡುತ್ತ ಹೇಳಿದರು. ನಾನು ಆರು ವರ್ಷದ ಕತೆ ಹೇಳಿದೆ. ಎದ್ದು ಹೊರಡುವಾಗ ಬಾಗಿಲಲ್ಲಿ ಇಬ್ಬರೂ ಒಂದೇ ಸಲ ಏನೋ ಹೇಳಲು ಹೋದೆವು. ಕೊನೆಗೆ ಅವರು ಚಪ್ಪಲಿ ಮೆಟ್ಟಿದರು, ನಾನು ಬಾಗಿಲ ಚಿಲಕ ಹಿಡಿದೆ.

ಆಮೇಲೆ ನನ್ನ ಬಳಿ ಕಾಯಿಲೆಗಳೇ ಉಳಿಯಲಿಲ್ಲ. ಆ ದರಿದ್ರ ಮರ ದಿನದಿಂದ ದಿನಕ್ಕೆ ಚಿಗುರುತ್ತ ನಿಂತಿತ್ತು. ಒಂದು ಭಾನುವಾರ ತಡೆಯಲಾಗದೆ, ಸ್ಟೂಲ್ ಹತ್ತಿ, ಲ್ಯಾಬಿನ ಸಣ್ಣ ಗರಗಸದಿಂದ ಕೈಗೆಟುಕುವ ಕೊಂಬೆಯೊಂದನ್ನು ಕೊಯ್ದುಬಿಟ್ಟೆ. ಗಾಳಿಗೆ ಮುರಿಯಿತು ಎಂದು ಫೋನಿನಲ್ಲಿ ಹೇಳಿದೆ.

ಅವರು ಬಂದು ಕೊಂಬೆಯ ತುದಿ ನೋಡಿದರು. ಹೆಬ್ಬೆರಳಿನಿಂದ ಸವರಿದರು. ಮತ್ತೊಮ್ಮೆ ಸವರಿದರು.

"ಗಾಳಿ ಬೀಸಿ, ಉಜ್ಜಿ, ಪಾಲಿಶ್ ಬೇರೆ ಮಾಡಿ ಹೋಯ್ತಾ?"

ಅಯ್ಯೋ ನನ್ನ ಬುದ್ಧಿಯೇ. ಹದಿನೆಂಟು ವರ್ಷದ ಅಭ್ಯಾಸ. ಕೊಯ್ದದ್ದು ಒರಟಾಗಿದೆಯಲ್ಲ ಎಂದು ಅರ ಹಿಡಿದು ತಿಕ್ಕಿ, ಆಮೇಲೆ ನಯವಾದ ಸ್ಯಾಂಡ್‌ಪೇಪರಿನಿಂದಲೂ ಉಜ್ಜಿದ್ದೆ. ಮುಂಭಾಗದ ಹಲ್ಲಿಗೂ ಅಷ್ಟು ಹೊಳಪು ಕೊಟ್ಟವಳಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನನ್ನ ಎರಡೂ ಕೈ ತಾವಾಗಿಯೇ ಬೆನ್ನ ಹಿಂದೆ ಹೋದವು.

"ಚೆನ್ನಾಗಿದ್ದ ಕೊಂಬೆ," ಎಂದರು. ದನಿಯಲ್ಲಿ ತಮಾಷೆ ಇರಲಿಲ್ಲ. "ಯಾಕೆ?"

"ನೀವು ಬರ್ಲಿ ಅಂತ."

ಹೇಳಿಬಿಟ್ಟೆ. ನಲವತ್ತಮೂರು ವರ್ಷದವಳು, ಶಾಲೆಯ ಹುಡುಗಿಯ ಹಾಗೆ ನೆಲ ನೋಡುತ್ತ ನಿಂತಿದ್ದೆ. ಅವರ ಕಿವಿಯೂ ಕೆಂಪಾದದ್ದು ಕಂಡಿತು, ಆದರೆ ಮುಖ ಗಂಟಾಗಿಯೇ ಇತ್ತು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ," ಎಂದು ಜೇಬಿನಿಂದ ಚೀಟಿ ತೆಗೆದು ಒಂದು ನಂಬರ್ ಬರೆದರು. "ನನ್ನ ಜೊತೆ ಕಲಿತವನು, ಒಳ್ಳೇ ಕೆಲಸಗಾರ. ಮರಕ್ಕೆ ಏನಾದ್ರೂ ಆದ್ರೆ ಇನ್ನು ಅವನನ್ನ ಕರೀರಿ. ಮರದ ನೆಪದಲ್ಲಿ ನಾನು ಈ ಮನೆಗೆ ಬರಲ್ಲ. ನಿಮಗೆ ನಾನು ಬೇಕಾದ್ರೆ, ನನ್ನನ್ನ ಕರೀಬೇಕು."

ವ್ಯಾನ್ ಹತ್ತಿ ಹೋದರು. ಕಾಫಿ ಒಲೆಯ ಮೇಲೆ ಹಾಗೇ ಆರಿತು.

ಸುಲಭದ ಮಾತು ಅದು, ಹೇಳುವವರಿಗೆ. ಮರಕ್ಕೆ ಹುಳ ಬಿದ್ದಿದೆ ಎಂದು ಯಾರಿಗೆ ಬೇಕಾದರೂ ಹೇಳಬಹುದು. ನನಗೆ ನೀವು ಬೇಕು ಎಂದು ಒಮ್ಮೆ ಒಬ್ಬರಿಗೆ ಹೇಳಿದ್ದೆ. ಅವರು ಪೆಟ್ಟಿಗೆಗೆ ನನ್ನ ಬಟ್ಟೆ ತುಂಬುವುದನ್ನು ನಿಲ್ಲಿಸಿರಲಿಲ್ಲ. ಅಂದಿನಿಂದ ಆ ಮಾತು ನನ್ನ ಬಾಯಿಗೆ ಬಂದಿರಲಿಲ್ಲ. ದಿನಾ ಲ್ಯಾಬಿನಿಂದ ಬಂದು ಫೋನ್ ಕೈಗೆತ್ತಿಕೊಳ್ಳುತ್ತಿದ್ದೆ, ಹೆಸರಿನವರೆಗೂ ಹೋಗಿ ಮತ್ತೆ ಇಡುತ್ತಿದ್ದೆ. ಒಬ್ಬಳಿಗೆ ಅನ್ನ ಮಾಡಿಕೊಂಡು, ಒಂದು ತಟ್ಟೆ ತೊಳೆದು ಮಲಗುತ್ತಿದ್ದೆ. ಹೀಗೆ ಎರಡು ವಾರ ಕಳೆಯಿತು. ಇನ್ನೂ ಮೂವತ್ತು ವರ್ಷ ಹೀಗೇ ಕಳೆಯಬಹುದು ಎಂದು ತಟ್ಟೆ ಒರೆಸುವಾಗ ಹೊಳೆಯಿತು. ಒದ್ದೆ ಕೈಯಲ್ಲೇ ಫೋನ್ ಮಾಡಿದೆ.

"ಹಲೋ," ಎಂದರು.

"ಮರಕ್ಕೇನೂ ಆಗಿಲ್ಲ," ಎಂದೆ. "ನನಗೇ ಆಗಿರೋದು. ನೀವು ಬೇಕು. ಬರ್ತೀರಾ?"

"ದಿನಾ ಫೋನ್ ನೋಡಿ ನೋಡಿ ಸಾಕಾಗಿತ್ತು ಕಣ್ರೀ," ಎಂದರು. "ನಾಳೆ ಬೆಳಗ್ಗೆ ಬರ್ತೀನಿ."

ಬೆಳಗ್ಗೆ ಕಿಟಕಿಯಿಂದ ನೋಡಿದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬರಿಗೈಯಲ್ಲಿ ಗೇಟು ತೆಗೆದು ಬಂದರು. ಮರದ ಕೆಳಗೇ ನಡೆದು ಬಂದರೂ ಒಮ್ಮೆಯೂ ತಲೆ ಎತ್ತಿ ಅದನ್ನು ನೋಡಲಿಲ್ಲ. ನೇರವಾಗಿ ಬಂದು ಬಾಗಿಲು ತಟ್ಟಿದರು.