ಎಣ್ಣೆ ತೂತಿನ ಹತ್ತಿ

ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ತಗಡಿನ ಕಾರ್ಖಾನೆಯ ಫೋರ್‌ಮನ್ ಠಾಣೆಗೆ ಬಂದು ದೂರು ಕೊಟ್ಟ. ಹಿಂದಿನ ದಿನ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಅಲ್ಲಿಯ ಮೂರನೇ ಪ್ರೆಸ್ ಮೆಷಿನ್ ಒಮ್ಮೆ ಒತ್ತಿ ನಿಲ್ಲುವ ಬದಲು ಮತ್ತೊಮ್ಮೆ ಇಳಿದು, ನಡೆಸುತ್ತಿದ್ದವನ ಎರಡು ಬೆರಳು ತೆಗೆದಿತ್ತು. ಗಾಯಗೊಂಡವನು ಫೋರ್‌ಮನ್ನನ ಸ್ವಂತ ಅಳಿಯ. ಮೆಷಿನ್ ಬಿಚ್ಚಿದಾಗ ಅದನ್ನು ನಿಲ್ಲಿಸುವ ಕ್ಲಚ್ಚಿನ ಪಿನ್ನಿಗೆ ಎಣ್ಣೆ ಹೋಗುವ ತೂತಿನಲ್ಲಿ ಹತ್ತಿಯ ಉಂಡೆ ಸಿಕ್ಕಿತ್ತು. ಎಣ್ಣೆಯಿಲ್ಲದೆ ಪಿನ್ನು ಕಚ್ಚಿಕೊಂಡಿತ್ತು.

"ಯಾರ ಮೇಲೆ ಅನುಮಾನ?" ಇನ್‌ಸ್ಪೆಕ್ಟರ್ ಕೇಳಿದರು.

"ಒರೆಸೋ ಅಕ್ಕನ ಮೇಲೆ ಸಾರ್. ಮೆಷಿನ್ ಒರೆಸೋ ಹೆಂಗಸು. ಸೋಮವಾರ ಎಲ್ಲರ ಮುಂದೆ ಬೈದಿದ್ದೆ, ಕೆಲಸ ಸರಿಯಿಲ್ಲ ಅಂತ."

"ಅಷ್ಟಕ್ಕೇ?"

"ಮನಸ್ಸಲ್ಲಿ ಏನಿರುತ್ತೋ ಯಾರಿಗೆ ಗೊತ್ತು ಸಾರ್."

ಮೇಜಿನ ಅಂಚು ನೋಡುತ್ತಲೇ ಮಾತಾಡಿದ. ಅಳಿಯನ ಸಂಕಟ ಇರಬೇಕೆಂದುಕೊಂಡು ಇನ್‌ಸ್ಪೆಕ್ಟರ್ ಅವನಿಗೆ ನೀರು ತರಿಸಿಕೊಟ್ಟರು.

ಎಫ್‌ಐಆರ್ ದಾಖಲಾಯಿತು. ಒಂದು ಗಂಟೆಗೆ ಸ್ಥಳ ಪಂಚನಾಮೆ. ಉಂಡೆಯನ್ನು ಪಾರದರ್ಶಕ ಕವರಿಗೆ ಹಾಕಿ ಸೀಲ್ ಮಾಡಿದರು. ಒರೆಸೋ ಅಕ್ಕನ ಕೈಚೀಲ ಸುರಿದಾಗ ಊಟದ ಡಬ್ಬಿ, ಬಾಚಣಿಗೆ, ಅವುಗಳ ಅಡಿಯಲ್ಲಿ ಕಾಗದದಲ್ಲಿ ಸುತ್ತಿದ ನಾಲ್ಕು ಹತ್ತಿಯ ತಲೆಗಳು ಬಿದ್ದವು. ಮೆಷಿನ್ನಿನ ಸಂದುಗೊಂದು ಶುಚಿಮಾಡುವ ಹತ್ತಿ ಕಡ್ಡಿಗಳ ತುದಿಗಳವು. ಅವನ್ನೂ ಇನ್ನೊಂದು ಕವರಿಗೆ ಹಾಕಿ ಸೀಲ್ ಮಾಡಿದರು.

"ನನ್ನದಲ್ಲ ಸಾರ್. ನಾನು ಬಟ್ಟೇಲಿ ಮೆಷಿನ್ ಮೈ ಒರೆಸೋಳು. ಕಡ್ಡಿ ಮುಟ್ಟೋದೇ ಇಲ್ಲ."

"ಹಾಗಾದ್ರೆ ಅವೇ ನಡ್ಕೊಂಡು ಬಂದು ಚೀಲದಲ್ಲಿ ಕೂತ್ವಾ?"

ಸುತ್ತ ನಿಂತವರು ನಕ್ಕರು. ಆ ನಗು ಇನ್‌ಸ್ಪೆಕ್ಟರಿಗೆ ಹಿತವಾಗಿತ್ತು. "ಇವಳೇ. ನೀವೆಲ್ಲ ಕೆಲಸ ನೋಡ್ಕೊಳ್ಳಿ," ಎಂದರು. ಎರಡು ಗಂಟೆ, ಪಾಳಿ ಬದಲಾಗುವ ಹೊತ್ತು. ಒಳಬರುವವರೂ ಹೊರಹೋಗುವವರೂ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಂತೆ ಮಹಿಳಾ ಪೇದೆ ಅವಳನ್ನು ಜೀಪು ಹತ್ತಿಸಿದಳು.

ಬುಧವಾರ ಸಂಜೆ ಐದಕ್ಕೆ ಠಾಣೆಯ ಬಂದೂಕುಗಳನ್ನು ಹತ್ತಿ ಕಡ್ಡಿಗಳಿಂದ ಶುಚಿಮಾಡುವುದು ವಾಡಿಕೆ. ಆಯುಧ ಕೋಣೆಯ ದಫೇದಾರನಿಗೆ ಈ ಕೆಲಸದಲ್ಲಿ ಇಪ್ಪತ್ತೆರಡು ವರ್ಷ. "ಮಕ್ಕಳ ಕಿವೀನೂ ಇಷ್ಟು ಜೋಪಾನವಾಗಿ ನೋಡ್ಕೊಂಡಿಲ್ಲ ಅಂತಾಳೆ ನಮ್ಮನೆಯವಳು," ಎಂದು ತಾನೇ ನಗೆಯಾಡುತ್ತಿದ್ದ. ಅಂದು ಅವನು ನಗಲಿಲ್ಲ. ಸೀಲಾದ ಎರಡು ಕವರುಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಇನ್‌ಸ್ಪೆಕ್ಟರ್ ಮುಂದೆ ತಂದಿಟ್ಟ.

"ಬೈಯೋದಾದ್ರೆ ಆಮೇಲೆ ಬೈರಿ ಸಾರ್. ಚೀಲದಲ್ಲಿ ಸಿಕ್ಕಿದ ನಾಲ್ಕೂ ಬ್ಲೇಡಲ್ಲಿ ಕುಯ್ದಿರೋದು, ಬುಡ ನೆಟ್ಟಗಿದೆ. ತೂತಲ್ಲಿದ್ದದ್ದು ಕಾಲಿಂದ ಕಾಲುಚೀಲ ಜಾರಿದ ಹಾಗೆ ಜಾರಿದೆ. ಒಳಗೆ ಕಡ್ಡಿ ಕೂತಿದ್ದ ಪೊಳ್ಳು ಹಾಗೇ ಇದೆ. ಇದನ್ನ ಯಾರೂ ತುರುಕಿಲ್ಲ. ಕ್ಲೀನ್ ಮಾಡ್ತಾ ಕಳಚ್ಕೊಂಡಿದೆ."

"ಒಳ್ಳೇ ಕಡ್ಡಿ ಹಾಗೆ ಕಳಚುತ್ತಾ?"

"ಒಳ್ಳೇದು ಕಳಚಲ್ಲ." ತನ್ನ ಡಬ್ಬಿಯಿಂದ ಒಂದು ಕಡ್ಡಿ ತೆಗೆದು ತೋರಿಸಿದ. "ಇದು ನೋಡಿ, ಗಟ್ಟಿ ಮರದ್ದು. ತುದೀಲಿ ಕಚ್ಚು ಮಾಡಿ ಹತ್ತೀನ ಬಿಗಿಯಾಗಿ ಸುತ್ತಿದ್ದಾರೆ. ಬರೀ ಅಂಟಲ್ಲಿ ಕೂರಿಸಿದ್ದು ಎಣ್ಣೆ ಕುಡಿದ ಕೂಡಲೇ ಸಡಿಲ. ಅದಕ್ಕೇ ಹೊಸ ಡಬ್ಬಿ ಬಂದ್ರೆ ಹತ್ತು ಕಡ್ಡಿ ಒಂದು ರಾತ್ರಿ ಎಣ್ಣೇಲಿ ನೆನೆಹಾಕಿ, ಬೆಳಿಗ್ಗೆ ಎಳೆದು ನೋಡ್ತೀನಿ. ಒಂದು ಕಳಚಿದ್ರೂ ಡಬ್ಬಿ ವಾಪಸ್. ಪೊಲೀಸ್ ಸೇರೋಕೆ ಮುಂಚೆ ಅದೇ ಕಾರ್ಖಾನೇಲಿದ್ದಾಗ ಈ ಪದ್ಧತಿ ನನಗೆ ಹೇಳಿಕೊಟ್ಟೋರೇ ಆ ಫೋರ್‌ಮನ್."

ಅವನ ಮಾತು ನಿಜವೆಂದು ಇನ್‌ಸ್ಪೆಕ್ಟರಿಗೆ ಆ ಕ್ಷಣವೇ ಹೊಳೆಯಿತು. ಅಷ್ಟು ಜನರ ಎದುರು 'ಇವಳೇ' ಎಂದದ್ದೂ ನೆನಪಾಯಿತು.

"ನಾಳೆ ನೋಡೋಣ," ಎಂದು ಎದ್ದುಬಿಟ್ಟರು. ಆ ರಾತ್ರಿ ಮನೆಯಲ್ಲಿ ಬಡಿಸಿದ ಅನ್ನ ತಟ್ಟೆಯಲ್ಲೇ ಆರಿತು.

ಗುರುವಾರ ಎಂಟೂವರೆಗೆ ದಫೇದಾರನೊಂದಿಗೆ ಕಾರ್ಖಾನೆಗೆ ಹೋದರು. ಉಗ್ರಾಣದ ಪುಸ್ತಕದಲ್ಲಿ ಹತ್ತಿ ಕಡ್ಡಿಯ ಹೊಸ ಡಬ್ಬಿ ಸೋಮವಾರ ಸಂಜೆ ಐದಕ್ಕೆ ಬಂದದ್ದು ಬರೆದಿತ್ತು. ಅದರ ಕೆಳಗೆ 'ನೆನೆಹಾಕಿ ಪರೀಕ್ಷಿಸಿದೆ, ಸರಿ ಇದೆ' ಎಂದು ಫೋರ್‌ಮನ್ನನ ಸಹಿ. ತಾರೀಕು ಅದೇ ಸೋಮವಾರದ್ದು. ಪಂಚರ ಎದುರು ಆ ಡಬ್ಬಿಯ ಹತ್ತು ಕಡ್ಡಿಗಳನ್ನು ಎಣ್ಣೆಗೆ ಬಿಟ್ಟರು. ಒಂದು ಗಂಟೆಯ ಬಳಿಕ ಎಳೆದರೆ ಮೂರರ ತಲೆ ಕಳಚಿ ಕೈಗೆ ಬಂತು.

ಫೋರ್‌ಮನ್ನನ್ನು ಕರೆಸಿದರು.

"ಕ್ಲಚ್ಚಿನ ಮುಚ್ಚಳದ ಬೀಗದ ಕೈ?"

"ನನ್ನ ಹತ್ರ ಸಾರ್."

"ಮಂಗಳವಾರ ಬೆಳಿಗ್ಗೆ ಒಳಗೆ ಕ್ಲೀನ್ ಮಾಡಿದ್ದು?"

"ನಾನೇ."

"ಸೋಮವಾರ ಸಂಜೆ ಬಂದ ಡಬ್ಬಿ ಸೋಮವಾರವೇ ಹೇಗೆ ಪಾಸಾಯ್ತು?"

ದಫೇದಾರ್ ಮೆಲ್ಲಗೆ, "ಗುರುಗಳೇ, ಹೇಳಿಬಿಡಿ," ಎಂದ. ಆ ಕರೆ ಕೇಳಿದ್ದೇ ಫೋರ್‌ಮನ್ ಸ್ಟೂಲು ಎಳೆದುಕೊಂಡು ಕೂತ.

"ಹಳೇದು ಮುಗಿದಿತ್ತು. ಒಂದು ಸಲ ತಾನೇ ಅಂದ್ಕೊಂಡು ನೆನೆಹಾಕದೆ ಸಹಿ ಹಾಕ್ದೆ. ಕಡ್ಡಿ ಬೋಳಾಗಿ ಆಚೆ ಬಂತು. ತಲೆ ಕೆಳಗೆಲ್ಲೋ ಬಿದ್ದಿರಬೇಕು ಅಂತ ಹುಡುಕ್ಲೂ ಇಲ್ಲ."

"ಆಮೇಲೆ?"

"ಆಸ್ಪತ್ರೇಲಿ ಮಗಳು ಕೇಳಿದಳು, ಯಾರಪ್ಪಾ ಹೀಗೆ ಮಾಡಿದ್ದು ಅಂತ. ನಾನೇ ಅನ್ನೋಕೆ ನಾಲಿಗೆ ಏಳ್ಲಿಲ್ಲ. ಬಾಯಿಗೆ ಬಂದ ಹೆಸರು ಹೇಳ್ಬಿಟ್ಟೆ. ಹೇಳಿದ ಮೇಲೆ ಅದನ್ನ ನಿಜ ಮಾಡ್ಬೇಕಲ್ಲ ಸಾರ್. ಕಡ್ಡಿ ಕುಯ್ದು ಚೀಲಕ್ಕೆ ಹಾಕಿದೆ."

ಹತ್ತು ಐವತ್ತಕ್ಕೆ ಬಂಧನವಾಯಿತು. ನಿರ್ಲಕ್ಷ್ಯದಿಂದ ಗಾಯ, ಸುಳ್ಳು ಸಾಕ್ಷ್ಯ, ಸುಳ್ಳು ದೂರು. ದಿನಚರಿಯಲ್ಲಿ ಇನ್‌ಸ್ಪೆಕ್ಟರ್ ಬರೆದರು: ಆರೋಪಿಗೆ ಆ ಹೆಂಗಸಿನ ಮೇಲೆ ಹಗೆಯಿಲ್ಲ, ಯಾವ ಲಾಭವೂ ಇಲ್ಲ. ಮಗಳ ಮುಂದೆ ತಲೆ ತಗ್ಗಿಸಲಾರದೆ ಮಾಡಿದ್ದು. ಬರೆದು, ಪೆನ್ನು ಮುಚ್ಚದೆ ಕೂತರು.

ಬಿಡುಗಡೆಯ ಕಾಗದಪತ್ರ ಮುಗಿಯುವಾಗ ಒಂದೂಕಾಲು. ಒರೆಸೋ ಅಕ್ಕನ ತಂಗಿ ಹಿಂದಿನ ದಿನದಿಂದ ಠಾಣೆಯ ಬೆಂಚು ಬಿಟ್ಟು ಕದಲಿರಲಿಲ್ಲ. ಲಾಕಪ್ಪಿನ ಬಾಗಿಲನ್ನು ಇನ್‌ಸ್ಪೆಕ್ಟರ್ ತಾವೇ ತೆರೆದರು.

"ನೀವಲ್ಲ ಅಂತ ಗೊತ್ತಾಯ್ತಮ್ಮ. ಫೋರ್‌ಮನ್ ಒಪ್ಕೊಂಡ. ಮನೆಗೆ ಹೋಗಬಹುದು."

ಅವಳು ಕದಲಲಿಲ್ಲ. "ನಿನ್ನೆ ಸಂಜೆ ದಫೇದಾರ್ ಹೇಳಿದ್ದು ಇಲ್ಲಿಗೆ ಕೇಳಿಸ್ತು ಸಾರ್. ನಾಳೆ ನೋಡೋಣ ಅಂದ್ರಿ. ಯಾಕೆ?"

ರೀತಿ ನೀತಿ, ಮೇಲಿನವರ ಅನುಮತಿ, ಹೇಳಲು ಹತ್ತು ನೆಪಗಳಿದ್ದವು.

"ಅಷ್ಟು ಜನರ ಮುಂದೆ ನಿಮ್ಮನ್ನ ಅಪರಾಧಿ ಮಾಡಿದ್ದೆ. ತಪ್ಪು ಅಂತ ಒಪ್ಪಿಕೊಳ್ಳೋಕೆ ನಾಚಿಕೆಯಾಯ್ತು," ಎಂದರು. ದನಿ ತಮಗೇ ಕೇಳಿಸದಷ್ಟು ಸಣ್ಣಗಿತ್ತು.

ಅವಳು ತಂಗಿಯ ಕೈಯಿಂದ ನೀರಿನ ಬಾಟಲಿ ಇಸಿದುಕೊಂಡು ಮುಖ ತೊಳೆದಳು. ಕೂದಲು ಬಿಗಿಯಾಗಿ ಕಟ್ಟಿದಳು.

"ಇಷ್ಟು ಮೆತ್ತಗೆ ಹೇಳಿದ್ರೆ ಕಾರ್ಖಾನೇಲಿ ಯಾರಿಗೂ ಕೇಳಿಸಲ್ಲ ಸಾರ್," ಎಂದಳು. "ನಡೀರಿ. ಎರಡು ಗಂಟೆ ದಾಟಿದ್ರೆ ಅರ್ಧ ಜನ ಮನೆಗೆ ಹೋಗಿರ್ತಾರೆ."