ಹಿನಾ ಅತ್ತರು

ಹಾನಗಲ್ಲಿನ ಶಹಾಬುದ್ದೀನ ಸವಣೂರಿಗೆ ಬಂದದ್ದು ನಮ್ಮ ಹಿತ್ತಲಿನ ಜೇನುಪೆಟ್ಟಿಗೆ ನೋಡಲು. ಜೇನು ಇಲಾಖೆಯ ನೌಕರಿ ಅವರದು. ಆದರೆ ಕಣ್ಣು ಪೆಟ್ಟಿಗೆಗಿಂತ ನನ್ನ ಮೇಲೇ ಹೆಚ್ಚು. ನಾನೇನು ಕಡಿಮೆ? ವೀಳ್ಯದೆಲೆ ಆರಿಸುವ ನೆಪದಲ್ಲಿ ಅಲ್ಲೇ ಕೂತಿದ್ದೆ. ಅದು ೧೯೮೩ರ ಚಳಿಗಾಲ.

"ಏನ್ ವಾಸನಿರೀ ಇದು, ಅಖ್ತರುನ್ನೀಸಾ?"

"ಹಿನಾ ಅತ್ತರು. ನಮ್ಮ ಫೂಫಿ ಖತೀಜಾಬೀದು."

"ಒಳಗದಾರೇನು?"

"ತೀರಿಕೊಂಡ್ರು. ರಂಜಾನಕ್ಕಿಂತ ಮೊದಲ."

ಅವರ ನಗು ನಿಂತಿತು.

ತಂದೆ ತಾಯಿಯಿಲ್ಲದ ಅಕ್ಕ ಲಾಲಬಿಯನ್ನೂ ನನ್ನನ್ನೂ ಸಾಕಿದವಳು ಫೂಫಿ, ನಮ್ಮ ಸೋದರತ್ತೆ. ಬಂದ ಸಂಬಂಧಗಳನ್ನು ಬಾಗಿಲಲ್ಲೇ ತಿರುಗಿಸುತ್ತಿದ್ದವಳೂ ಅವಳೇ. ನಾವು ಹೋದರೆ ಎಲೆ ಆರಿಸುವವರು ಯಾರು? ಅವಳ ಕೋಣೆಯ ಪರದೆಗೆ ನಸುಕಿನಲ್ಲಿ ಅತ್ತರು ಹಚ್ಚುವುದು ಚಿಕ್ಕಂದಿನಿಂದ ನನ್ನ ಕೆಲಸ. ಅವಳು ಹೋದ ಮೇಲೆ ನಾನು ಬಾಟಲಿ ಮುಟ್ಟಿಲ್ಲ. ವಾಸನೆ ಮಾತ್ರ ಹೋಗಿಲ್ಲ. ಆ ಪರದೆಯ ಮುಂದೆ ಲಾಲಬಿ ಈಗಲೂ ತಗ್ಗಿದ ದನಿಯಲ್ಲೇ ಮಾತಾಡುತ್ತಾಳೆ.

ಶಹಾಬುದ್ದೀನ ಪೆಟ್ಟಿಗೆಯಿಂದ ಜೇನುಹುಟ್ಟೊಂದನ್ನು ಎತ್ತಿ ತೋರಿಸಿದರು. "ಇದರಾಗ ತತ್ತಿ ಇಡಾಕಿ ರಾಣಿ ಒಬ್ಬಾಕಿನ. ಆಕಿ ವಾಸನಿ ಇರೂತನಕ ಉಳದಾವು ಇಡೂದಿಲ್ಲ."

"ಕದ್ದು ಇಟ್ರ?"

"ಅಕ್ಕ-ತಂಗೇರ ತಿಂದಬಿಡ್ತಾವ."

ಬಂಕಾಪುರದವರು ನನ್ನನ್ನು ಕೇಳಲು ಬಂದಾಗ, ನನಗೆ ಮೂರ್ಛೆರೋಗ ಎಂದು ಹೇಳಿ ಕಳಿಸಿದ್ದು ಲಾಲಬಿಯೇ.

"ರಾಣಿ ಸತ್ರ?"

"ವಾಸನಿ ಹೋಗ್ತೈತಿ. ಪೆಟಗಿಗೆಲ್ಲ ಗೊತ್ತಾಗ್ತೈತಿ." ಅವರು ದನಿ ಇಳಿಸಿದರು. "ನಾಳೆ ನಮ್ಮ ಅಮ್ಮೀನ ಕರಕೊಂಡ ಬರ್ಲೇನ್ರಿ?"

"ಜೇನ ತೋರಸಾಕೇನು?"

"ಜೇನ ಸಾಕಾತ್ರಿ!"

ನಗು ತಡೆಯಲಾಗಲಿಲ್ಲ. ಹೂಂ ಎಂದುಬಿಟ್ಟೆ. ಈ ಮನೆಯಿಂದ ಹೋಗಬೇಕು, ಇವರ ಜೊತೆಗೇ ಹೋಗಬೇಕು ಎಂದು ಜೀವ ಹಾತೊರೆಯಿತು.

ಮರುದಿನ ಎದ್ದಾಗ ವಾಸನೆ ಮೂಗಿಗೆ ಅಡರಿತ್ತು. ಪರದೆ ಹಸಿಯಾಗಿತ್ತು. ಪಕ್ಕದಲ್ಲಿ ಲಾಲಬಿ ಎಚ್ಚರವಾಗಿ ಕೂತಿದ್ದಳು.

"ಯಾಕ ಹಚ್ಚಿದಿ, ಆಪಾ?"

"ನಾನೆಲ್ಲಿ ಹಚ್ಚೇನಿ? ದಿನಾ ನಸುಕಿನ್ಯಾಗ ನೀನ ನಿದ್ದಿಗಣ್ಣಾಗ ಎದ್ದು ಬರ್ತಿ. ನಿನ್ನ ಕೈಬೆರಳ ಮೂಸಿ ನೋಡು."

ಮೂಸಿದೆ. ಹಿನಾ.

ಹೊತ್ತೇರುವಷ್ಟರಲ್ಲಿ ಟಾಂಗಾ ಬಂದು ನಿಂತಿತು. ಶಹಾಬುದ್ದೀನ ಇಳಿದು ಬಾಗಿಲಿಗೆ ಬಂದರು. ನನ್ನ ಮುಖ ನೋಡಿ ಗಾಬರಿಯಾದರು. "ಇವತ್ತ ಬ್ಯಾಡಂದ್ರ ನಾಳೆ ಬರ್ತೇವ್ರಿ."

"ನಾಳೆ ಬ್ಯಾಡ್ರಿ. ಇವತ್ತ ಕೇಳ್ರಿ, ಇವತ್ತ ಕರಕೊಂಡ ಹೋಗ್ರಿ. ನಾಳೆ ಅನ್ನೂದ್ರಾಗ ಮತ್ತ ಪರದೆಗೆ ಹಚ್ಚಿರ್ತಾರ."

"ಯಾರು?"

"ನಾನ." ಕೈ ಮುಂದೆ ಚಾಚಿದೆ.

ಅವರು ನಗಲಿಲ್ಲ. ಬಾಗಿಲ ಬಳಿಯ ಕೊಡದಿಂದ ನೀರು ಮೊಗೆದು ನನ್ನ ಬೆರಳುಗಳ ಮೇಲೆ ಸುರಿದರು, ಮತ್ತೆ ಸುರಿದರು. ವಾಸನೆ ಹೋಗಲಿಲ್ಲ. ಆ ಕೈಯನ್ನೇ ಗಟ್ಟಿಯಾಗಿ ಹಿಡಿದು ಟಾಂಗಾದತ್ತ ಕೂಗಿದರು, "ಅಮ್ಮಿ, ಇಳಿ!"

ಒಳಗೆ, ಪರದೆಯ ಹಿಂದೆ, ಲಾಲಬಿ ಬಾಟಲಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು.