ಹುಳುಮನೆಯ ಬಾಗಿಲು

ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಇಟಲಿಯನ್ನು ತೋರಿಸಿ, ಇದು ಬೂಟಿನ ಆಕಾರದ ದೇಶವೆಂದು ರುದ್ರಾಣಿ ಮಕ್ಕಳಿಗೆ ಹೇಳುತ್ತಿದ್ದಾಗ ಕಿಟಕಿಯಾಚೆ ಯಾರೋ ನಕ್ಕರು.

ಅವಳು ಬೆತ್ತ ಹಿಡಿದೇ ಹೊರಬಂದಳು. ತಂಗಿಯ ಮಗಳನ್ನು ಶಾಲೆಗೆ ಸೇರಿಸಲು ಬಂದಿದ್ದ ಚೌಡಯ್ಯ ಅಲ್ಲಿ ನಿಂತಿದ್ದ.

"ತಪ್ಪು ತಿಳೀಬ್ಯಾಡಿ ಮೇಷ್ಟ್ರಮ್ಮ. ಯುದ್ಧದ ಕಾಲದಾಗೆ ಆ ಬೂಟೊಳಗೆ ಕಾಲಿಟ್ಟಿದ್ದೋನು ನಾನು. ಬಲು ಕಚ್ತಿತ್ತು."

ಸಿಟ್ಟಾಗಬೇಕಿದ್ದ ರುದ್ರಾಣಿಗೆ ನಗು ಬಂದಿತು. ಅದನ್ನು ಮರೆಮಾಡಲು ಅವಳು ಬೆತ್ತವನ್ನು ನೋಡಿದಳು; ಅವನೂ ಬೆತ್ತವನ್ನೇ ನೋಡಿದ.

ಅದು ಸಾವಿರದ ಒಂಬೈನೂರ ಐವತ್ತೆಂಟನೆಯ ಇಸವಿ. ಕೊಳ್ಳೇಗಾಲದ ಸೀಮೆ ಮದರಾಸಿನಿಂದ ಮೈಸೂರಿಗೆ ಸೇರಿ ಎರಡು ವರ್ಷವಾಗಿತ್ತು. ಯಳಂದೂರಿನ ಮಗಳಾದ ರುದ್ರಾಣಿ ಹನೂರಿನ ಶಾಲೆಗೆ ಬಂದಾಗ, ಮೈಸೂರಿನವರು ನಮ್ಮನ್ನು ತಿದ್ದಲು ಬಂದರೆಂದು ಜನ ಹಾಸ್ಯ ಮಾಡಿದ್ದರು. ಅವಳಿಗೆ ಅದು ಹಾಸ್ಯವೆನಿಸಿರಲಿಲ್ಲ; ತಾನು ಬಂದದ್ದೇ ತಿದ್ದಲು ಎಂದು ನಂಬಿದ್ದಳು.

ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಚೌಡಯ್ಯ ರುದ್ರಾಣಿಯ ಮನೆಯ ಜಗಲಿಯ ಕೆಳಮೆಟ್ಟಿಲಲ್ಲಿ ಕುಳಿತು ತಾನು ಕಂಡ ಊರಿನ ಚರಿತ್ರೆ ಹೇಳತೊಡಗಿದ. ಊರಿನ ಹೆಸರು ಮೊರೆಂಟೊ. ಗುಡ್ಡದ ಮೇಲಿನ ಸಣ್ಣ ಊರು. ಸುತ್ತಲೂ ನಮ್ಮಲ್ಲಿಯಂತೆಯೇ ಹಿಪ್ಪುನೇರಳೆ, ಮನೆಮನೆಯಲ್ಲೂ ರೇಷ್ಮೆಹುಳು.

"ಅಲ್ಲಿ ಚಳಿ ಜಾಸ್ತಿ. ಮೊಟ್ಟೆ ಒಡೀಬೇಕಾದ್ರೆ ಕಾವು ಬೇಕು. ಅದ್ಕೆ ಅಲ್ಲಿ ಹೆಂಗಸ್ರು ಮೊಟ್ಟೆನ ಬಟ್ಟೇಲಿ ಕಟ್ಕಂಡು..." ಎಂದವನು ನಿಲ್ಲಿಸಿ ಕಂಬವನ್ನು ನೋಡಿದ.

"ಕಟ್ಟಿಕೊಂಡು?"

"ಬುಡಿ ಮೇಷ್ಟ್ರಮ್ಮ. ಪಾಠದಾಗೆ ಬರೋ ವಿಸ್ಯ ಅಲ್ಲ."

ಅವನ ಕಿವಿ ಕೆಂಪಾದುದನ್ನು ಕಂಡು, ಆ ಕಾವು ಎದೆಯದೆಂದು ಅವಳಿಗೆ ಅರ್ಥವಾಯಿತು. ಸರಿಯಾಗಿಯೇ ಇದ್ದ ಸೆರಗನ್ನು ಅವಳ ಕೈ ಮತ್ತೊಮ್ಮೆ ಸರಿಮಾಡಿತು. ಆ ಸಂಜೆ ಅವರಿಬ್ಬರೂ ಬಹಳ ಹೊತ್ತು ಇಟಲಿಯ ಹವಾಮಾನದ ಬಗ್ಗೆ ಮಾತನಾಡಿದರು.

ವಾರದಿಂದ ವಾರಕ್ಕೆ ಕಥೆ ಕರಾಳವಾಗುತ್ತ ಹೋಯಿತು. ಜರ್ಮನ್ ಸೈನ್ಯ ಮೊರೆಂಟೊವನ್ನು ಹಿಡಿಯಿತು. ಗಂಡಸರನ್ನು ಕೂಲಿಗೆ ಎಳೆದೊಯ್ದರು, ದನಗಳನ್ನು ಹೊಡೆದುಕೊಂಡು ಹೋದರು. ವಸಂತದಲ್ಲಿ ಒಬ್ಬ ಅಧಿಕಾರಿ, ಊರಿನ ಆರೋಗ್ಯಕ್ಕಾಗಿ ಎಂದು ಹೇಳಿ, ಹೇನಿನ ಔಷಧಿಯನ್ನು ಹುಳುಮನೆಗಳಲ್ಲೂ ಹೊಡೆಸಿದ. ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಅತ್ತರೂ ಬಿಡಲಿಲ್ಲ; ಹುಳುಗಳೆಲ್ಲ ಸತ್ತವು. ಆಮೇಲೆ ಬ್ರಿಟಿಷರ ಕಡೆಯಿಂದ ಬಂದ ನಮ್ಮವರ ಫಿರಂಗಿಯೂ ಅರ್ಧ ಊರನ್ನು ಕೆಡವಿತು. ಚೌಡಯ್ಯ ಅದನ್ನೂ ಮುಚ್ಚಿಡಲಿಲ್ಲ. ಒಬ್ಬ ಮುದುಕಿ ಮಾತ್ರ ಅಟ್ಟದಲ್ಲಿ ಒಂದು ತಟ್ಟೆ ಹುಳು ಬಚ್ಚಿಟ್ಟಿದ್ದಳು. ಅವನ ತುಕಡಿ ಆ ಮನೆಯಲ್ಲಿ ಇಳಿಯಲು ಹೋದಾಗ ಅವಳು ಕೈ ಚಾಚಿ ಅಡ್ಡ ನಿಂತಳು. ಒಳಗಿನಿಂದ ಸೊಪ್ಪು ಮೇಯುವ ಸದ್ದು ಕೇಳಿದ ಅವನು ಆ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತ. ಯಾರನ್ನೂ ಒಳಗೆ ಬಿಡಲಿಲ್ಲ.

"ಹುಳು ಇರೋ ಮನೆಗೆ ಕೇಳ್ದಲೆ ಓಗ್ಬಾರ್ದು. ಅಸ್ಟೇಯ" ಎಂದ.

ರುದ್ರಾಣಿಯ ಕಣ್ಣು ತುಂಬಿತು. ಸೋಮವಾರ ಅದನ್ನೇ ಪಾಠ ಮಾಡಿದಳು. ಕೇಳದೆ ಇನ್ನೊಬ್ಬರ ಹೊಸ್ತಿಲು ದಾಟುವುದೇ ದುರಾಕ್ರಮಣ. ಒಳ್ಳೆಯದಕ್ಕೆಂದು ಹೇಳಿ ದಾಟಿದರೆ ಪಾಪ ಇಮ್ಮಡಿ. ಮಕ್ಕಳು ಅದನ್ನು ಬಾಯಿಪಾಠ ಮಾಡಿದರು.

ಉಪದೇಶ ಎಷ್ಟು ಸುಲಭ! ತುಟಿಯಿಂದ ಹೊರಟ ಧರ್ಮ ಅಂಗೈವರೆಗೆ ಇಳಿಯದಿದ್ದರೆ ಅಂಥ ವಿದ್ಯೆ ಬರಿಯ ದರ್ಪ.

ಮುಂದಿನ ತಿಂಗಳು ಮಲೇರಿಯಾ ತಡೆಗೆ ಡಿಡಿಟಿ ಹೊಡೆಯುವವರು ಬಂದರು. ಜನರ ಮೌಢ್ಯ ಬಿಡಿಸಲು ರುದ್ರಾಣಿ ತಾನೇ ಮುಂದೆ ನಡೆದಳು. ಚೌಡಯ್ಯನ ಮನೆಗೆ ಬಂದಾಗ ಅವನಿರಲಿಲ್ಲ; ಹುಳು ಇನ್ನೇನು ಹಣ್ಣಾಗಿ ಗೂಡು ಕಟ್ಟುವುದರಲ್ಲಿದ್ದುದರಿಂದ, ಗೂಡು ಕಟ್ಟಿಸುವ ಬಿದಿರು ಚಂದ್ರಿಕೆ ತರಲು ಕೊಳ್ಳೇಗಾಲಕ್ಕೆ ಹೋಗಿದ್ದ. ಅವನ ವಿಧವೆ ತಂಗಿ ಗುರುಸಿದ್ದಮ್ಮ ಹುಳುಮನೆಯ ಬಾಗಿಲಲ್ಲಿ ಕೈ ಚಾಚಿ ನಿಂತಳು.

"ಒಳಗೆ ಹುಳ ಅವೆ ಮೇಷ್ಟ್ರಮ್ಮ. ನಮ್ಮಣ್ಣ ಬರ್ಲಿ."

ಔಷಧಿ ಹೊಡೆಯುವವನೂ ಹಿಂಜರಿದು, ಈ ಕೋಣೆ ಬಿಡೋಣವೆಂದ. ಆದರೆ ಬೀದಿಯೆಲ್ಲ ನೋಡುತ್ತಿತ್ತು. ಚೌಡಯ್ಯನ ಮನೆಗೆ ಮಾತ್ರ ವಿನಾಯಿತಿ ಕೊಟ್ಟರೆ ಜನ ಏನೆಂದಾರು? ಅವರಿಬ್ಬರ ಶನಿವಾರಗಳ ಮಾತು ಆಗಲೇ ಅಲ್ಲಲ್ಲಿ ಹಬ್ಬಿತ್ತು.

"ನಿಮ್ಮ ಆರೋಗ್ಯಕ್ಕಾಗಿಯೇ ಹೇಳುತ್ತಿದ್ದೇನೆ, ತೆರೆಯಮ್ಮ" ಎಂದಳು ರುದ್ರಾಣಿ. ಮೇಷ್ಟ್ರಮ್ಮನ ದನಿಗೆ ಹೆದರಿ ಗುರುಸಿದ್ದಮ್ಮ ಸರಿದಳು.

ಸಂಜೆಯೊಳಗೆ ಹುಳುಗಳು ತಲೆ ಎತ್ತಿ ಒದ್ದಾಡಿ, ಹಸಿರು ಕಕ್ಕಿ ಸತ್ತವು. ಸುದ್ದಿ ಕೇಳಿ ಓಡಿಬಂದ ರುದ್ರಾಣಿ, ಚೌಡಯ್ಯ ತಟ್ಟೆಗಳನ್ನು ಒಂದೊಂದಾಗಿ ತಿಪ್ಪೆಗುಂಡಿಗೆ ಸುರಿಯುವುದನ್ನು ಕಂಡಳು. ಖಾಲಿ ಚಂದ್ರಿಕೆಗಳು ಗೋಡೆಗೆ ಒರಗಿದ್ದವು. ಅವನು ಬೈಯಲಿಲ್ಲ, ತಲೆಯನ್ನೂ ಎತ್ತಲಿಲ್ಲ.

ಅವಳು ಹೊಸ್ತಿಲಾಚೆಯೇ ನಿಂತಳು. ಗುರುಸಿದ್ದಮ್ಮ ಅವಳನ್ನು ನೋಡಿದಳು.

"ಬನ್ನಿ ಮೇಷ್ಟ್ರಮ್ಮ, ಒಳಿಕೆ ಬನ್ನಿ. ಇನ್ನ ಸಾಯೋ ಅಂತದ್ದು ಏನೂ ಉಳ್ದಿಲ್ಲ."

ಅವಳು ಒಳಗೆ ಹೋಗದೆ ಹಿಂತಿರುಗಿದಳು. ಔಷಧಿ ಹೊಡೆಸಿದ ಆ ಅಧಿಕಾರಿಯ ಮುಖವನ್ನು ಅವಳು ಎಂದೂ ಕಂಡಿರಲಿಲ್ಲ. ಅಂದು ಮನೆಗೆ ಹೋಗಿ ಕನ್ನಡಿಯಲ್ಲಿ ಕಂಡಳು.

ಶನಿವಾರ ಬಂದಿತು, ಚೌಡಯ್ಯ ಬರಲಿಲ್ಲ. ಅವನು ಬರಬೇಕೆಂದು ಬಯಸುವುದಕ್ಕೂ ಅವಳಿಗೆ ನಾಚಿಕೆಯಾಯಿತು. ಯಳಂದೂರಿಗೆ ವರ್ಗ ಮಾಡಿಸಿಕೊಳ್ಳಲು ಯೋಚಿಸಿದಳು. ಮುಖ ತಪ್ಪಿಸಿ ಓಡುವುದು ಇನ್ನೊಂದು ಹೇಡಿತನವೆಂದು ತಿಳಿದು ಸುಮ್ಮನಾದಳು.

ಸೋಮವಾರದ ಪಾಠಕ್ಕೆ ಮತ್ತೆ ಭೂಪಟ ತೂಗುಹಾಕಿದಳು.

"ಮಕ್ಕಳೇ, ಮೊರೆಂಟೊದ ಚರಿತ್ರೆಯನ್ನು ನಾನು ಪೂರ್ತಿ ಹೇಳಿರಲಿಲ್ಲ. ಅಲ್ಲಿ ನಡೆದ ಅನ್ಯಾಯ ಹನೂರಿನಲ್ಲೂ ನಡೆಯಿತು. ಮಾಡಿದವಳು ನಿಮ್ಮ ಮುಂದೆ ನಿಂತಿದ್ದಾಳೆ. ಗುರುಸಿದ್ದಮ್ಮನವರು ಬೇಡವೆಂದರು. ನಾನು ಕೇಳಲಿಲ್ಲ, ಯಾಕೆಂದರೆ ಜನ ಏನೆನ್ನುವರೋ ಎಂದು ಹೆದರಿದ್ದೆ."

ಕಿಟಕಿಯಾಚೆ ಯಾರೋ ಸದ್ದಿಲ್ಲದೆ ನಡೆದುಹೋದರು.

ಆ ಬೆಳೆ ಹೋಯಿತು. ಗುರುಸಿದ್ದಮ್ಮ ಹುಳುಮನೆಯ ಗೋಡೆಗಳನ್ನು ಕೆರೆದು, ತೊಳೆದು, ಹೊಸದಾಗಿ ಸುಣ್ಣ ಬಳಿಯುತ್ತಿದ್ದಾಗ ರುದ್ರಾಣಿ ಹೋಗಿ, ಕೇಳಿ, ಅನುಮತಿ ಪಡೆದು ಕೈಜೋಡಿಸಿದಳು. ಗುರುಸಿದ್ದಮ್ಮ ಮೊದಲ ದಿನ ಮಾತಾಡಲಿಲ್ಲ. ಮರುದಿನ, "ಸುಣ್ಣ ಬಳಿಯೋ ಕೈಯಾ ಇದು? ಚಾಕ್‌ಪೀಸ್ ಇಡ್ಕಂಡಂಗೆ ಇಡ್ಕಂಡಿದ್ದೀರಿ" ಎಂದು ಮೂದಲಿಸಿ ರಾಗಿಮುದ್ದೆ ಬಡಿಸಿದಳು. ಚೌಡಯ್ಯ ದೂರದಿಂದ ನೋಡಿ ಹೊಲಕ್ಕೆ ಹೊರಟುಹೋದ.

ಮಾರ್ಗಶಿರದ ಚಳಿಯಲ್ಲಿ, ಒಂದು ಶನಿವಾರ, ಅವನು ಜಗಲಿಗೆ ಬಂದ. ಈ ಸಲ ಕೆಳಮೆಟ್ಟಿಲಲ್ಲಿ ಕೂರಲಿಲ್ಲ. ಅವನ ಕೈಯಲ್ಲಿ ಬಿಳಿ ಬಟ್ಟೆಯ ಸಣ್ಣ ಗಂಟಿತ್ತು.

"ಹೊಸ ಮೊಟ್ಟೆ. ಚಳಿ ಬಿದ್ದದೆ, ಕಾವು ಸಾಲದು."

ಅವಳು ತಲೆ ತಗ್ಗಿಸಿದಳು. "ನನ್ನ ಕೈಗೆ ಕೊಡಬೇಡಿ ಚೌಡಯ್ಯನವರೇ. ನಾನು ಯೋಗ್ಯಳಲ್ಲ."

"ಮೊರೆಂಟೊದಾಗೆ ಆ ಅಧಿಕಾರಿ ತಿರ್ಗಿ ಬಂದು ಒಂದು ಗ್ವಾಡೆಗೂ ಸುಣ್ಣ ಬಳೀಲಿಲ್ಲ ಮೇಷ್ಟ್ರಮ್ಮ." ಅವನು ಗಂಟನ್ನು ಮುಂದೆ ಚಾಚಿದ. "ನಮ್ಮನೆ ಮೊಟ್ಟೆ ನಿಮ್ಮ ಕಾವಲ್ಲೆ ಒಡೀಲಿ ಅಂತ ಆಸೆ. ನಿಮ್ಮ ಅಪ್ಪಾವ್ರನ್ನ ಕೇಳೋಕೆ ಯಳಂದೂರಿಗೆ ಓಯ್ತೀನಿ. ಮದ್ಲು ನಿಮ್ಮನ್ನ ಕೇಳ್ತಾವ್ನಿ. ಒಳಿಕೆ ಬರ್ಲಾ?"

ಅವನು ಹೊಸ್ತಿಲಾಚೆಯೇ ಕಾದು ನಿಂತಿದ್ದ. ನಾಚಿಕೆ ಅವಳನ್ನು ಬಿಟ್ಟಿರಲಿಲ್ಲ, ಎಂದೂ ಪೂರ್ತಿ ಬಿಡಲಾರದು. ಬಿಡಬಾರದೆಂದೂ ಅವಳಿಗೆ ಅನಿಸಿತು. ತಗ್ಗಿಸಿದ ತಲೆ ಎತ್ತದೆಯೇ ಅವಳು ಕೈ ಚಾಚಿ ಗಂಟನ್ನು ತೆಗೆದುಕೊಂಡಳು, ಎದೆಗೆ ಒತ್ತಿಕೊಂಡಳು, ಬಾಗಿಲಿಂದ ಒಂದು ಹೆಜ್ಜೆ ಸರಿದು ದಾರಿ ಬಿಟ್ಟಳು.

"ಬನ್ನಿ" ಎಂದಳು.